ಬೆರಣಿಗೋಡೆ

"ಮೇಷ್ಟ್ರೇ, ನನ್ನ ಮಕ್ಕಳಿಗೆ ಎಣಿಸಲು ಬರುತ್ತದೆ, ಅಳೆಯಲು ಬರುತ್ತದೆ. ಗ್ರಾಫು ಓದಲು ಮಾತ್ರ ಯಾಕೆ ಬರುವುದಿಲ್ಲ?"

ಕೇಳಿದವಳು ಕಾತ್ಯಾಯಿನಿ. ನಾಲ್ಕನೇ ತರಗತಿಗೆ ಗಣಿತ ಹೇಳುವ ಟೀಚರು, ಕೆಲಸಕ್ಕೆ ಸೇರಿ ಎರಡನೇ ವರ್ಷ. ಕೇಳಿಸಿಕೊಂಡವರು ಸಿದ್ಧಬಸಯ್ಯ ಮೇಷ್ಟ್ರು. ಅವಳಿಗೂ ಒಂದು ಕಾಲಕ್ಕೆ ಗಣಿತ ಕಲಿಸಿದವರು. ಈಗ ನಿವೃತ್ತರಾಗಿ ಮನೆಯ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

ಹಿಂದಿನ ದಿನ ಕಾತ್ಯಾಯಿನಿ ಕರಿಹಲಗೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದಳು. ಐದು ಪಟ್ಟಣ, ಐದು ಕಂಬ, ಒಂದು ವರ್ಷದಲ್ಲಿ ಆದ ರಸ್ತೆ ಅಪಘಾತಗಳು. ಯಾವ ಕಂಬ ಎಷ್ಟೆತ್ತರ ಎಂದು ಕೇಳಿದರೆ ಮಕ್ಕಳು ಪಟಪಟನೆ ಹೇಳಿದರು. ಇದರಿಂದ ಏನು ತಿಳಿಯಿತು ಎಂದು ಕೇಳಿದಾಗ ಒಬ್ಬ ಎದ್ದುನಿಂತು, ಮೂರನೇ ಊರು ಫಸ್ಟ್ ಬಂದಿದೆ ಎಂದ. ಇಡೀ ತರಗತಿ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಆ ಊರಿಗೆ ಬಹುಮಾನ ಏನು ಕೊಟ್ಟರು ಎಂದು ವಿಚಾರಿಸಿದಳು. ಕಾತ್ಯಾಯಿನಿ ಮೂರು ಸಲ ಬಿಡಿಸಿ ಹೇಳಿದಳು. ಮೂರನೇ ಸಲ ಚಪ್ಪಾಳೆ ಇನ್ನೂ ಜೋರಾಗಿತ್ತು.

ಅವಳಿಗೆ ಅಳು ಬರುವುದೊಂದು ಬಾಕಿ. ಈ ಮಕ್ಕಳ ತಲೆಗೆ ಇದು ಹತ್ತುವುದಿಲ್ಲ, ಪಾಠ ಬಿಟ್ಟು ಮುಂದಕ್ಕೆ ಹೋಗುತ್ತೇನೆ, ನೀವು ಹೂಂ ಅಂದರೆ ಸಾಕು ಎಂದಳು. ಮೇಷ್ಟ್ರು ಹೂಂ ಅನ್ನಲಿಲ್ಲ. ಒಂದು ಬೀಜ ಬಿಡಿಸಿ ಪಕ್ಕಕ್ಕಿಟ್ಟು ಕತೆ ಶುರು ಮಾಡಿದರು.

ಒಂದು ಊರು. ಊರಿಗೆ ಎರಡು ಕೇರಿ, ಎರಡು ಬಾವಿ. ಮೂಡಲ ಕೇರಿಯವರು ಮೂಡಲ ಬಾವಿಯ ನೀರು ಕುಡಿಯುತ್ತಿದ್ದರು, ಪಡುವಲ ಕೇರಿಯವರು ಪಡುವಲ ಬಾವಿಯದು. ಎರಡೂ ಕೇರಿಯವರು ಒಂದೇ ಅಜ್ಜನ ಮಕ್ಕಳು ಮೊಮ್ಮಕ್ಕಳು. ಆದ್ದರಿಂದಲೇ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ.

ಮೂಡಲ ಕೇರಿಗೆ ಒಬ್ಬ ಯಜಮಾನ. ಕೆಟ್ಟವನಲ್ಲ. ಕಷ್ಟ ಅಂತ ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ. ಆದರೆ ಪಡುವಲ ಕೇರಿಯವರು ಒಂದು ಸಲ ಸೀನಿದರೆ ತನ್ನ ಕೇರಿಯವರು ಎರಡು ಸಲ ಸೀನಬೇಕು ಅನ್ನುವ ಸ್ವಭಾವ. ಅವರು ಬಾಗಿಲಿಗೆ ಹಸಿರು ಬಣ್ಣ ಬಳಿದರೆ ಇವನು ಬಾಗಿಲಿಗೂ ಕಿಟಕಿಗೂ ಬಳಿಸಿ, ಉಳಿದದ್ದನ್ನು ಎತ್ತಿನ ಕೊಂಬಿಗೆ ಬಳಿಸಿದ. ಅವನಿಗೆ ಮೂರು ವರ್ಷದ ಮೊಮ್ಮಗಳೊಬ್ಬಳಿದ್ದಳು. ಮೀಸೆ ಹಿಡಿದು ಎಳೆಯುವ ಧೈರ್ಯ ಊರಿನಲ್ಲಿ ಅವಳೊಬ್ಬಳಿಗೇ ಇತ್ತು. ಅವಳೆಂದರೆ ಅವನಿಗೆ ಪ್ರಾಣ.

ಊರ ನಡುವೆ ಮದ್ದು ಕೊಡುವ ಒಬ್ಬ ಅಜ್ಜಿ ಇದ್ದಳು. ಅಕ್ಷರ ಬರದು, ಮಾತು ಕಡಿಮೆ. ಒಂದು ಮಳೆಗಾಲದ ಕೊನೆಯಲ್ಲಿ ಊರಿಗೆ ವಾಂತಿಭೇದಿ ಬಂತು. ಅಜ್ಜಿಗೆ ಅನುಮಾನ, ಎರಡು ಬಾವಿಯಲ್ಲಿ ಒಂದರ ನೀರು ಕೆಟ್ಟಿದೆ. ಯಾವುದು? ಬಾಯಿಬಿಟ್ಟು ಹೇಳಿದರೆ ನಿಮ್ಮ ಬಾವಿಯೇ, ನಿಮ್ಮ ಬಾವಿಯೇ ಎಂದು ಎರಡು ಕೇರಿಯವರೂ ತಲೆ ಒಡೆದುಕೊಳ್ಳುತ್ತಾರೆ. ಖಾತ್ರಿಯಾಗುವವರೆಗೆ ಸುಮ್ಮನಿರುವುದು ಮೇಲು ಎಂದು ಅವಳು ಒಂದು ಉಪಾಯ ಮಾಡಿದಳು. ಮದ್ದಿಗೆ ಬಂದ ಹೆಂಗಸರಿಗೆ, ಒಬ್ಬ ರೋಗಿಗೆ ಒಂದು ಉಂಡೆ ಸಗಣಿ ತನ್ನಿ, ನನ್ನ ಗೋಡೆಗೆ ಒಂದು ಬೆರಣಿ ತಟ್ಟಿ ಹೋಗಿ ಎಂದಳು. ಮೂಡಲ ಕೇರಿಯವರದು ಎಡಕ್ಕೆ, ಪಡುವಲ ಕೇರಿಯವರದು ಬಲಕ್ಕೆ. ಬುಡದಿಂದ ಒಂದರ ಮೇಲೊಂದು.

ಯಾವ ಸಾಲು ಯಾರದು ಎಂದು ತಿಳಿಯಲು ಎಡಸಾಲಿನ ಕೆಳಗೆ ಕೆಮ್ಮಣ್ಣಿನಲ್ಲಿ ಹುಟ್ಟುವ ಸೂರ್ಯನನ್ನು ಬರೆದಳು, ಬಲಸಾಲಿನ ಕೆಳಗೆ ಮುಳುಗುವ ಸೂರ್ಯನನ್ನು. ಎಣಿಸುತ್ತಿರುವುದು ಏನನ್ನು ಎಂದು ತಿಳಿಯಲು ಗೋಡೆಯ ನೆತ್ತಿಯಲ್ಲಿ ಒಂದು ಚೊಂಬು ಬರೆದಳು. ಭೇದಿ ಹಿಡಿದವನ ಕೈಯಿಂದ ಚೊಂಬು ಕೆಳಗಿಳಿಯುವುದಿಲ್ಲ ಎಂಬುದು ಮೂರು ಲೋಕಕ್ಕೂ ಗೊತ್ತಿರುವ ವಿಷಯ. ಊರಿನ ಹೆಂಗಸರಿಗೆ ಒಂದೇ ನೋಟಕ್ಕೆ ಅರ್ಥವಾಯಿತು. ಗಂಡಸರು ಗೋಡೆಯ ಮುಂದೆ ದಿನಕ್ಕೆ ನಾಲ್ಕು ಸಲ ಓಡಾಡಿದರು, ಒಬ್ಬರೂ ಕೇಳಲಿಲ್ಲ.

ವಾರ ಕಳೆದ ಮೇಲೆ ಯಜಮಾನ ಆ ದಾರಿಯಲ್ಲಿ ಹೋಗುತ್ತಾ ಗೋಡೆ ನೋಡಿದ. ಅವನ ಕೇರಿಯ ಸಾಲಿನಲ್ಲಿ ಮೂರು ಬೆರಣಿ. ಪಡುವಲ ಸಾಲಿನಲ್ಲಿ ಏಳು. ಅವನ ಕಾಲು ಅಲ್ಲೇ ನಿಂತಿತು. ನೆತ್ತಿಯ ಮೇಲಿನ ಚಿತ್ರವನ್ನೂ ನೋಡಿದ. ಅವನಿಗೆ ಅದು ಕಳಶವಾಗಿ ಕಂಡಿತು. ಮಾವಿನೆಲೆ ಇಲ್ಲ, ತೆಂಗಿನಕಾಯಿ ಇಲ್ಲ, ಪಾಪ, ಮುದುಕಿಗೆ ಅಷ್ಟು ಬರೆಯಲು ಬಂದಿಲ್ಲ ಎಂದುಕೊಂಡ. ಕಳಶ ಇದ್ದಲ್ಲಿ ಗೌರವ. ಅಂದರೆ ಅಜ್ಜಿ ಕೇರಿಗಳ ಯೋಗ್ಯತೆಯನ್ನು ತೂಗಿ ಗೋಡೆಗೆ ಹಚ್ಚುತ್ತಿದ್ದಾಳೆ. ಪಡುವಲದವರದು ಏಳು, ತನ್ನದು ಮೂರು.

ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಯಜಮಾನ ಎನ್ನಿಸಿಕೊಂಡವನು ಒಬ್ಬ ಮುದುಕಿಯ ಮುಂದೆ ನಿಂತು, ಇದರ ಅರ್ಥವೇನು ತಾಯಿ ಎಂದು ಕೇಳುವುದುಂಟೆ? ಮಾನ ಕಳೆದುಕೊಂಡು ತಿಳಿದುಕೊಳ್ಳುವುದಕ್ಕಿಂತ ತಿಳಿಯದೆ ಮಾನ ಉಳಿಸಿಕೊಳ್ಳುವುದು ಅವನಿಗೆ ಹಗುರವಾಗಿ ಕಂಡಿತು. ಮನೆಗೆ ಬಂದವನಿಗೆ ಊಟ ಸೇರಲಿಲ್ಲ.

ಮರುದಿನ ಮಧ್ಯಾಹ್ನ, ಅಜ್ಜಿ ಬೇರು ತರಲು ಗುಡ್ಡಕ್ಕೆ ಹೋದ ಹೊತ್ತು ನೋಡಿ, ಯಜಮಾನ ಹಟ್ಟಿಯಿಂದ ಸಗಣಿ ಎತ್ತಿಕೊಂಡು ಹೊರಟ. ಆಳುಗಳಿಗೆ ಹೇಳಬಹುದಿತ್ತು. ಆಳಿನ ಬಾಯಿಂದ ಸುದ್ದಿ ಪಡುವಲ ಕೇರಿಗೆ ಹೋದರೆ ಮೀಸೆ ಮಣ್ಣಾಗುತ್ತದೆ. ಹುಟ್ಟಿದಂದಿನಿಂದ ಸಗಣಿ ಮುಟ್ಟದ ಕೈ ಅದು. ಮೂಗು ಮುಚ್ಚಲು ಮೂರನೇ ಕೈ ಇರಲಿಲ್ಲ. ಗೋಡೆಗೆ ಒಂದು ತಟ್ಟಿದ, ಜಾರಿ ಪಾದದ ಮೇಲೆ ಬಿತ್ತು. ಇನ್ನೊಂದು ತಟ್ಟಿದ, ಅದೂ ಬಿತ್ತು. ಅಷ್ಟು ಸುಲಭದ ಕೆಲಸ ತನಗೆ ಬಾರದೆಂದು ಅವನಿಗೆ ನಿಜವಾಗಿ ದುಃಖವಾಯಿತು.

ಮನೆಗೆ ಹೋಗಿ ಹೆಂಡತಿಯ ಹತ್ತಿರ, ಬೆರಣಿ ಗೋಡೆಗೆ ಹೇಗೆ ಅಂಟುತ್ತದೆ ಎಂದು ಸುಮ್ಮನೆ ಕೇಳಿದಂತೆ ಕೇಳಿದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಕೇಳಿ ತಿಳಿದುಕೊಂಡ ಮೊದಲ ವಿಷಯ ಅದು. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹೊಟ್ಟು ಕಲಸಿ ನಾದಬೇಕು, ಉಂಡೆಯನ್ನು ಮೆಲ್ಲಗೆ ಇಡಬಾರದು, ಬೀಸಿ ಬಡಿಯಬೇಕು ಎಂದಳು. ಯಾಕೆ ಎಂದು ಅವಳು ಕೇಳಿದ್ದಕ್ಕೆ, ಯಜಮಾನನಾದವನಿಗೆ ಎಲ್ಲ ವಿದ್ಯೆಯೂ ಗೊತ್ತಿರಬೇಕು ಎಂದ.

ಮೂರು ಮಧ್ಯಾಹ್ನ ಹೀಗೇ ಕಳೆಯಿತು. ಎಂಟು ಬೆರಣಿ ಹತ್ತಿದವು. ಮೂರು ಎಂಟು ಸೇರಿ ಹನ್ನೊಂದು. ಪಡುವಲದವರದು ಏಳಕ್ಕೇ ನಿಂತಿತ್ತು. ಹೆಂಗಸರ ಬೆರಣಿ ಅಂಗೈಯಗಲ ಇದ್ದರೆ ಯಜಮಾನನದು ಊಟದ ತಟ್ಟೆಯಷ್ಟಿತ್ತು. ಎಲ್ಲದರ ಮೇಲೂ ಅವನ ಐದು ಬೆರಳು ಮೂಡಿದ್ದವು, ಉಂಗುರದ ಗುರುತು ಸಮೇತ. ಅದನ್ನು ಅವನು ಗಮನಿಸಲಿಲ್ಲ. ಎತ್ತರವನ್ನು ಗಮನಿಸಿದ. ಅಂದು ಎರಡು ರೊಟ್ಟಿ ಜಾಸ್ತಿ ತಿಂದ.

ಅಜ್ಜಿ ಗೋಡೆ ನೋಡಿದಳು. ಅವಳ ಕಣ್ಣು ಮಂಜು. ಬೆರಳಿಟ್ಟು ಎಣಿಸಿದಳು, ಆಕಾರ ನೋಡಲಿಲ್ಲ. ಮೂರು ದಿನದಲ್ಲಿ ಎಂಟು ಜನ. ತಾನು ಗುಡ್ಡಕ್ಕೆ ಹೋದಾಗ ಮದ್ದಿಗೆ ಬಂದು, ಕಾಯಲಾಗದೆ ತಟ್ಟಿ ಹೋದವರಿರಬೇಕು ಎಂದುಕೊಂಡಳು. ಕೆಟ್ಟಿರುವುದು ಮೂಡಲ ಬಾವಿ. ಪಡುವಲದವರು ಹೊಲಕ್ಕೆ ಹೋಗುವಾಗ ಅದೇ ಬಾವಿಯಲ್ಲಿ ನೀರು ಸೇದಿ ಕುಡಿಯುತ್ತಾರೆ, ಅವರಿಗೆ ಬಂದದ್ದೂ ಅಲ್ಲಿಂದಲೇ ಇರಬೇಕು ಎಂದು ಲೆಕ್ಕ ಹಾಕಿದಳು. ಲೆಕ್ಕ ಸರಿಯಾಗಿತ್ತು, ಗೋಡೆ ಸುಳ್ಳಾಗಿತ್ತು. ಅವಳು ಮೂಡಲ ಬಾವಿಗೆ ಬೇಲಿಮುಳ್ಳು ಹಾಕಿಸಿ, ಇನ್ನು ಮುಂದೆ ಎರಡು ಕೇರಿಯವರೂ ಪಡುವಲ ಬಾವಿಯ ನೀರನ್ನೇ ಕುಡಿಯಬೇಕು ಎಂದು ಹೇಳಿ ಕಳಿಸಿದಳು. ಕಾಯಿಲೆಯ ಕಾಲದಲ್ಲಿ ಅಜ್ಜಿಯ ಮಾತು ಮೀರುವವರಿರಲಿಲ್ಲ.

ಸುದ್ದಿ ಕೇಳಿ ಯಜಮಾನನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಗೋಡೆಯಲ್ಲಿ ಗೆದ್ದದ್ದಕ್ಕೆ ಪಡುವಲದವರ ಬಾವಿ ಬಹುಮಾನ. ತಮ್ಮ ಬಾವಿಗೆ ಮುಳ್ಳು ಹಾಕಿದ್ದು ಅವರು ಮುಟ್ಟದಿರಲಿ ಎಂದು. ಎಲ್ಲವೂ ಕೂಡಿಬಂತು. ಅವನು ಹಲಗೆ ಬಾರಿಸುವವರನ್ನು ಕರೆಸಿ, ಇಡೀ ಕೇರಿಯನ್ನು ಹೊರಡಿಸಿ, ಮುಂದೆ ಒಂದು ಕಳಶ ಹಿಡಿಸಿ, ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪಡುವಲ ಬಾವಿಗೆ ಮೆರವಣಿಗೆ ಹೋದ. ಪಡುವಲದವರು ಕೆಲಸ ಬಿಟ್ಟು ನಿಂತು ನೋಡಿದರು. ನೀರು ಸೇದಲು ಹಲಗೆ ಯಾಕೆ ಎಂದು ಅವರಿಗೆ ತಿಳಿಯಲಿಲ್ಲ. ಮೊದಲ ಕೊಡ ಮೇಲೆ ಬಂದಾಗ ಯಜಮಾನ ಬೊಗಸೆಯಲ್ಲಿ ನೀರು ತುಂಬಿ, ಎಲ್ಲರಿಗಿಂತ ಮೊದಲು ತನ್ನ ಮೊಮ್ಮಗಳಿಗೆ ಕುಡಿಸಿದ.

ಕೆಟ್ಟಿದ್ದ ಬಾವಿ ಅದೇ.

ಮುಂದಿನ ನಾಲ್ಕು ದಿನದಲ್ಲಿ ಮೂಡಲ ಸಾಲು ತಾನಾಗಿಯೇ ನಾಲ್ಕು ಬೆರಣಿ ಬೆಳೆಯಿತು. ತಾನು ಕೈ ಹಚ್ಚದೆಯೇ ಸಾಲು ಏರುವುದನ್ನು ಕಂಡು ಯಜಮಾನ, ಅಂತೂ ನಮ್ಮವರಿಗೂ ಅಭಿಮಾನ ಬಂತು ಎಂದು ಹಿಗ್ಗಿದ. ಹಿಗ್ಗುತ್ತಾ ಮನೆಗೆ ಬಂದರೆ ಮೊಮ್ಮಗಳು ಅವನ ಹೆಂಡತಿಯ ಮಡಿಲಲ್ಲಿ ಬಾಡಿ ಮಲಗಿದ್ದಳು. ಬೆಳಗಿನಿಂದ ಏಳು ಸಲ ಆಗಿದೆ, ಕುಡಿದದ್ದು ನಿಲ್ಲುತ್ತಿಲ್ಲ. ಕಣ್ಣು ಗುಳಿ ಬಿದ್ದಿತ್ತು. ಅವನು ಬಗ್ಗಿ ಮುಖ ಹತ್ತಿರ ತಂದ. ಮಗು ಮೀಸೆ ಹಿಡಿಯಲಿಲ್ಲ. ಯಜಮಾನನಿಗೆ ಭಯವಾಯಿತು. ಅಷ್ಟು ಭಯ ಅವನಿಗೆ ಜೀವಮಾನದಲ್ಲೇ ಆಗಿರಲಿಲ್ಲ.

ಹೆಂಡತಿ ಒಂದು ಉಂಡೆ ಸಗಣಿಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಅವನ ಕೈಗಿಟ್ಟು, ಅಜ್ಜಿಯ ಹತ್ತಿರ ಓಡಿ ಎಂದಳು. ಸಗಣಿ ಯಾಕೆ ಎಂದು ಕೇಳಲು ಹೊತ್ತಿರಲಿಲ್ಲ. ಪಂಚೆ ಎತ್ತಿಕಟ್ಟಿ ಬೀದಿಯಲ್ಲಿ ಓಡಿದ. ಯಜಮಾನ ಓಡಿದ್ದನ್ನು ಊರು ಅವತ್ತೇ ನೋಡಿದ್ದು.

ಅಜ್ಜಿ ಕಷಾಯದ ಕುಡಿಕೆ ಕೊಟ್ಟು, ಗುಟುಕು ಗುಟುಕಾಗಿ ಕುಡಿಸಲು ಹೇಳಿ, ಮೂಡಲ ಸಾಲಿಗೆ ಒಂದು ತಟ್ಟಿ ಹೋಗಿ ಎಂದಳು. ಯಜಮಾನ ಗೋಡೆಯ ಮುಂದೆ ನಿಂತ. ಕೈ ಮೇಲಕ್ಕೆತ್ತಿದವನು ತಟ್ಟಲಿಲ್ಲ. ಆಗ, ಆ ಗೋಡೆಯ ಬಗ್ಗೆ ಮೊಟ್ಟಮೊದಲ ಸಲ, ಅವನು ಒಂದು ಪ್ರಶ್ನೆ ಕೇಳಿದ.

"ಅಜ್ಜೀ, ಇದು ನಮ್ಮ ಮಗೂದು. ಕೆಳಗಿರೋವೆಲ್ಲ ಏನು?"

"ಅವೂ ಯಾರದೋ ಮನೆ ಮಕ್ಕಳೇ. ಇನ್ನೇನು ಅಂದ್ಕೊಂಡಿದ್ರಿ?"

ಯಜಮಾನ ನೆತ್ತಿಯ ಕಡೆ ನೋಡಿದ. ಅದು ಚೊಂಬು. ಎಷ್ಟು ಸಲ ನೋಡಿದರೂ ಚೊಂಬೇ. ಹಾಗಾದರೆ ನಮ್ಮ ಬಾವಿಗೆ ಮುಳ್ಳು ಹಾಕಿಸಿದ್ದು ಯಾಕೆ ಎಂದು ಕೇಳಿದ. ನಿಮ್ಮ ಸಾಲು ಎತ್ತರ ಇತ್ತಲ್ಲ, ಕಾಯಿಲೆ ನಿಮ್ಮ ನೀರಲ್ಲಿದೆ ಅಂತ ಗೋಡೆ ಹೇಳಿತು ಎಂದಳು ಅಜ್ಜಿ.

ಅವನಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಗೋಡೆ ಹೇಳಿರಲಿಲ್ಲ, ತಾನು ಹೇಳಿಸಿದ್ದ. ತನ್ನ ಕೈಯಾರೆ ಬೊಗಸೆಯಲ್ಲಿ ಕುಡಿಸಿದ್ದ. ಈಗ ಕುಡಿಕೆ ತೆಗೆದುಕೊಂಡು ಸುಮ್ಮನೆ ಹೋದರೆ ಯಾರಿಗೂ ತಿಳಿಯುವುದಿಲ್ಲ. ಹೋದರೆ ಮಗುವಿಗೆ ಸಂಜೆ ಮತ್ತೆ ಅದೇ ಬಾವಿಯ ನೀರು.

ಮದ್ದಿಗೆ ಬಂದಿದ್ದ ತನ್ನ ಕೇರಿಯ ಹೆಂಗಸೊಬ್ಬಳ ಕೈಯಲ್ಲಿ ಕುಡಿಕೆ ಕೊಟ್ಟು ಮನೆಗೆ ಕಳಿಸಿದ. ಒರಳುಕಲ್ಲನ್ನು ಗೋಡೆಗೆ ಸರಿಸಿ, ಹತ್ತಿ ನಿಂತು, ಎಲೆಯಲ್ಲಿದ್ದ ಉಂಡೆಯನ್ನು ಸಾಲಿನ ತುದಿಗೆ ತಟ್ಟಿದ. ಆಮೇಲೆ ನಡುವಿನಿಂದ ಒಂದೊಂದೇ ಬೆರಣಿ ಕೀಳತೊಡಗಿದ. ಇದು ನಂದು, ಇದು ನಂದು ಎನ್ನುತ್ತಾ ಕೀಳುತ್ತಿದ್ದ. ಮೂಡಲದವರು ಸೇರಿದರು, ಪಡುವಲದವರು ಸೇರಿದರು. ಯಜಮಾನನಿಗೆ ತಲೆ ಕೆಟ್ಟಿತು ಎಂದು ಕೆಲವರು ಅಂದರು. ಒಬ್ಬ ಮುದುಕಿ ಕೆಳಗೆ ಬಿದ್ದ ಬೆರಣಿ ಎತ್ತಿ, ಉಂಗುರದ ಗುರುತು ನೋಡಿ, ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಳು. ಅವನ ಕಿವಿಗೆ ಎಲ್ಲವೂ ಬಿತ್ತು. ಎಂಟನೆಯದನ್ನು ಕೀಳುವವರೆಗೂ ಅವನು ಕೆಳಗಿಳಿಯಲಿಲ್ಲ.

ಈಗ ಮೂಡಲ ಸಾಲಿನಲ್ಲಿ ಬುಡದಲ್ಲಿ ಮೂರು, ನಡುವೆ ಬರಿಗೋಡೆ, ಮೇಲೆ ಐದು. ಅಜ್ಜಿ ಹತ್ತಿರ ಬಂದು ಬೆರಳಿಟ್ಟು ನೋಡಿದಳು. ಕೆಳಗಿನ ಮೂರೂ, ಬಾವಿ ಬದಲಾಗುವ ಮೊದಲಿನವು. ಮೇಲಿನ ಐದೂ, ಬಾವಿ ಬದಲಾದ ನಂತರದವು, ಅದೂ ನಾಲ್ಕೇ ದಿನದಲ್ಲಿ. ಪಡುವಲ ಸಾಲು ಏಳರಿಂದ ಹನ್ನೆರಡಕ್ಕೆ ಹೋಗಿತ್ತು. ಅವಳು ಯಜಮಾನನಿಗೆ ಒಂದು ಮಾತೂ ಬೈಯಲಿಲ್ಲ, ಬೈಯಲು ಹೊತ್ತಿರಲಿಲ್ಲ. ನಾಲ್ಕು ಜನರನ್ನು ಕರೆದು, ಮೂಡಲ ಬಾವಿಯ ಮುಳ್ಳು ಕಿತ್ತು ಪಡುವಲ ಬಾವಿಗೆ ಹಾಕಿ ಎಂದಳು. ಯಜಮಾನನನ್ನು ಒಲೆಯ ಮುಂದೆ ಕೂರಿಸಿ, ಅವನ ಎಂಟು ಬೆರಣಿಯನ್ನೂ ಅವನ ಕೈಯಿಂದಲೇ ಒಲೆಗಿಡಿಸಿ, ಊರಿಗೆಲ್ಲ ಕಷಾಯ ಕಾಯಿಸಿದಳು. ಊಟದ ತಟ್ಟೆಯಷ್ಟಿದ್ದ ಬೆರಣಿಗಳು ಚೆನ್ನಾಗಿ ಉರಿದವು ಎಂಬುದೊಂದೇ ಅವನಿಗೆ ಸಿಕ್ಕ ಮೆಚ್ಚುಗೆ.

ಐದನೇ ದಿನ ಮಗು ಎದ್ದು ಕೂತು ಗಂಜಿ ಕೇಳಿತು. ಗಂಜಿ ಕುಡಿದು ಮೀಸೆ ಎಳೆಯಿತು. ಯಜಮಾನ ಎಲ್ಲರ ಎದುರಿಗೇ ಅತ್ತ.

ಮರುವರ್ಷ ಮಳೆಗಾಲ ಮುಗಿದಾಗ ಊರಿಗೆ ಕೆಮ್ಮು ಜ್ವರ ಬಂತು, ಅಜ್ಜಿ ಮತ್ತೆ ಗೋಡೆಗೆ ಕೆಮ್ಮಣ್ಣು ಬಳಿದಳು. ಈಗ ಊರಿನ ಗಂಡಸರಿಗೂ ವಿಷಯ ತಿಳಿದಿತ್ತು. ತಿಳಿದದ್ದರಿಂದ ಏನಾಯಿತು ಎಂದರೆ, ಗಿಡ್ಡ ಸಾಲು ಒಳ್ಳೆಯದು ಎಂದು ಎರಡು ಕೇರಿಯವರೂ ತೀರ್ಮಾನಿಸಿದರು. ರೋಗಿಗಳನ್ನು ಕೋಣೆಯಲ್ಲಿ ಬಚ್ಚಿಟ್ಟರು. ಕೆಮ್ಮು ಬಂದವನಿಗೆ ಕಂಬಳಿ ಕಚ್ಚಿಕೊಂಡು ಕೆಮ್ಮಲು ಹೇಳಿದರು. ಪಡುವಲದವನೊಬ್ಬ ತನ್ನ ಮನೆಯ ಬೆರಣಿಯನ್ನು ಮೂಡಲ ಸಾಲಿಗೆ ತಟ್ಟಿ ಓಡುವಾಗ ಸಿಕ್ಕಿಬಿದ್ದ. ಹಿಡಿದವನು ಯಜಮಾನ. ಕಳ್ಳ ಬೆರಣಿಯ ಕುಲಗೋತ್ರ ಅವನಷ್ಟು ಬಲ್ಲವರು ಆ ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ. ಅವನು ಆ ಮನುಷ್ಯನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ನಿಮ್ಮ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳಿದ. ಕೇಳಿ, ಅವನ ಮನೆಯವರೆಗೂ ಕುಡಿಕೆ ಹಿಡಿದುಕೊಂಡು ಹೋದ.

ಮೇಷ್ಟ್ರು ಕತೆ ನಿಲ್ಲಿಸಿದರು. ಹುಣಸೆಹಣ್ಣಿನ ಗುಡ್ಡೆ ಮುಕ್ಕಾಲು ಮುಗಿದಿತ್ತು.

ಕಾತ್ಯಾಯಿನಿ ನಕ್ಕು ನಕ್ಕು ಒದ್ದೆಯಾದ ಕಣ್ಣು ಒರೆಸಿಕೊಂಡು ಚೀಲದಿಂದ ಪುಸ್ತಕ ತೆಗೆದಳು. ಕತೆಯ ಸಾರ ಅವಳಿಗೆ ಸಿಕ್ಕಿತ್ತು. ಎತ್ತರ ನೋಡುವ ಮೊದಲು, ಎಣಿಸಿರುವುದು ಏನನ್ನು ಎಂದು ಕೇಳಬೇಕು. ಈ ಮಾತನ್ನು ನಾಳೆಯೇ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಹಾಕುತ್ತೇನೆ, ಎಲ್ಲರಿಂದ ಹತ್ತು ಸಲ ಹೇಳಿಸುತ್ತೇನೆ ಎಂದು ಖುಷಿಯಿಂದ ಬರೆದುಕೊಳ್ಳತೊಡಗಿದಳು.

ಮೇಷ್ಟ್ರು ಅವಳು ಬರೆದು ಮುಗಿಸುವವರೆಗೆ ಕಾದರು.

"ಹೇಳಿಸು, ತಾಯಿ, ಆದರೆ ನೀನು ಹಾಕಿದ ಆ ಐದು ಕಂಬದಲ್ಲಿ ನಿನ್ನ ಮಕ್ಕಳ ಮನೆಯದು ಒಂದಾದರೂ ಬೆರಣಿ ಇತ್ತೇ?"

ಕಾತ್ಯಾಯಿನಿ ಬರೆದದ್ದರ ಮೇಲೆ ಗೀಟೆಳೆದು, ಹೊಸ ಪುಟದಲ್ಲಿ ತನ್ನ ತರಗತಿಯ ಮಕ್ಕಳ ಹೆಸರುಗಳನ್ನು ಬರೆಯತೊಡಗಿದಳು.